ಹೊರಡುವವರ ಚೀಲ

ಆ ಊರಿಗೊಂದು ಹೆಸರಿತ್ತು. ಆದರೆ ಯಾರೋ ಅದನ್ನೂ ತಮ್ಮ ಚೀಲದೊಳಗೆ ಹಾಕಿಬಿಟ್ಟಿದ್ದಾರೆ, ತಲುಪುವ ತನಕ ತೆಗೆಯುವಂತಿಲ್ಲ. ಹಾಗಾಗಿ ಸದ್ಯಕ್ಕೆ ಅದನ್ನು ಆ ಊರು ಎಂದೇ ಕರೆಯೋಣ.

ಆ ಊರಿನಲ್ಲಿ ದುಡಿಮೆ ಮುಗಿಸಿದವರಿಗೆ ಹಾರ ಹಾಕಿ ಶಾಲು ಹೊದಿಸುವ ಪದ್ಧತಿ ಇರಲಿಲ್ಲ. ಒಂದು ಚೀಲ ಕೊಡುತ್ತಿದ್ದರು. ಕೆಂಪು ಅಂಚಿನ ಬಿಳಿ ಬಟ್ಟೆಯ ಚೀಲ, ಬಾಯಿಗೊಂದು ಲಾಡಿ. "ಇಷ್ಟು ದಿನ ಊರಿಗಾಗಿ ನಿಂತಲ್ಲೇ ನಿಂತಿರಿ, ಇನ್ನು ನಿಮಗಾಗಿ ಹೊರಡಿ" ಎಂದು ಹೇಳಿ ಕೈಗೆ ಕೊಡುವುದು. ಗಂಡ ಹೆಂಡತಿಗೆ ಸೇರಿ ಒಂದೇ ಚೀಲ. ಚೀಲ ಪಡೆದವರು ಊರಬಾಗಿಲಿಗೆ ಹೋಗಿ, ತಾವು ನೋಡಬೇಕೆಂದಿರುವ ಜಾಗವನ್ನು ಗಟ್ಟಿಯಾಗಿ ಕೂಗಿ ಹೇಳಿ, ಮೊದಲ ವಸ್ತುವನ್ನು ಚೀಲಕ್ಕೆ ಹಾಕಬೇಕು.

ಹಾಕಿದ ಮೇಲೆ ಮುಗಿಯಿತು. ಚೀಲಕ್ಕೆ ಬಿದ್ದದ್ದನ್ನು, ಕೂಗಿ ಹೇಳಿದ ಜಾಗ ತಲುಪುವವರೆಗೆ, ಹೊರಗೆ ತೆಗೆಯುವಂತಿಲ್ಲ. ಇನ್ನೂ ಒಂದು ಮಾತಿತ್ತು. ಹೊರಡುವ ದಿನವನ್ನು ಮುಂದಕ್ಕೆ ಹಾಕಿದವರು, ಹಾಕಿದಾಗಲೆಲ್ಲ, ಚೀಲಕ್ಕೆ ಇನ್ನೊಂದು ವಸ್ತು ಸೇರಿಸಬೇಕು. ಅದೂ ಅಟ್ಟದ ಮೇಲಿನ ಹಳೇ ಸಾಮಾನಲ್ಲ, ಆ ದಿನ ಬಳಸಿದ್ದೇ ಆಗಬೇಕು. ಬರೀ ಬಾಯಲ್ಲೇ ದೇಶ ಸುತ್ತಿ ಬರುವವರ ಕಾಟ ತಡೆಯಲಾರದೆ ಹಿರಿಯರು ಮಾಡಿದ ನಿಯಮವಂತೆ ಇದು. ಮುರಿದರೆ ಏನಾಗುತ್ತದೆಂದು ಯಾರಿಗೂ ಗೊತ್ತಿರಲಿಲ್ಲ, ಏಕೆಂದರೆ ಯಾರೂ ಮುರಿದಿರಲಿಲ್ಲ. ಏನಾಗುತ್ತದೆಂದು ಗೊತ್ತಿದ್ದಿದ್ದರೆ ಒಬ್ಬಿಬ್ಬರಾದರೂ ಮುರಿಯುತ್ತಿದ್ದರೋ ಏನೋ.

ಗಂಟೆಯವನಿಗೂ ಚೀಲ ಬಂತು. ಅವನು ಊರಗಂಟೆ ಹೊಡೆಯುತ್ತಿದ್ದವನು. ಅವನು ಹೊಡೆದರೆ ಊರಿಗೆ ಬೆಳಗು, ಅವನು ಹೊಡೆದರೆ ಊಟದ ಹೊತ್ತು, ಅವನು ಹೊಡೆದರೆ ದೀಪ. ಒಂದು ದಿನವೂ ಹೊತ್ತು ತಪ್ಪಿಸಿದವನಲ್ಲ ಎಂಬ ಹೆಮ್ಮೆ ಅವನಿಗೆ ಊಟದಷ್ಟೇ ಬೇಕಾಗಿತ್ತು. ಅವನ ಹೆಂಡತಿ ಹೂವಿನವಳು. ಮದುವೆಯ ಮನೆಗೂ ಸಾವಿನ ಮನೆಗೂ ಹೂ ಕಟ್ಟಿ ಕಟ್ಟಿ ಬೆರಳು ಸವೆದಿದ್ದವು, ನಾಲಿಗೆ ಮಾತ್ರ ಸವೆದಿರಲಿಲ್ಲ. ಊರಬಾಗಿಲಲ್ಲಿ ನಿಂತು ಅವರಿಬ್ಬರೂ ಒಟ್ಟಿಗೆ ಕೂಗಿದ್ದು "ಸಮುದ್ರ" ಎಂದು.

ಸಮುದ್ರದ ಆಸೆ ಹಚ್ಚಿದವನು ಎದುರುಮನೆಯ ಹಾಡುಗಾರ. ಸಮುದ್ರ ಎಂದರೆ ಎದ್ದು ನಿಲ್ಲುವ ನೀರು, ಕೂರುವ ನೀರು, ಯಾರೂ ಕರೆಯದಿದ್ದರೂ ಮತ್ತೆ ಮತ್ತೆ ಬಾಗಿಲಿಗೆ ಬರುವ ನೀರು ಎಂದು ಜಗಲಿಯಲ್ಲಿ ಕೂತು ಹಾಡುತ್ತಿದ್ದ. ಹೂವಿನವಳು ಅದನ್ನು ಕೇಳುತ್ತಾ ಎಷ್ಟೋ ಮೊಳ ಮಲ್ಲಿಗೆ ಕಟ್ಟಿದ್ದಳು. ಚೀಲಕ್ಕೆ ಮೊದಲ ವಸ್ತುವಾಗಿ ಅವಳು ಹಾಕಿದ್ದು ಒಂದು ಹಿತ್ತಾಳೆ ತಂಬಿಗೆ.

"ಬರೋವಾಗ ಇದರ ತುಂಬ ಸಮುದ್ರ ತರೋಣ ಕಣ್ರೀ" ಎಂದಳು.

ಮಾರನೆಯ ದಿನ ಹೊರಡುವುದೆಂದಾಯಿತು. ಆ ಮಾರನೆಯ ದಿನವೇ ಕೆಮ್ಮಿನ ಗಾಳಿ ಬಂತು.

ಎಲ್ಲಿಂದ ಬಂತೋ ಏನೋ. ಡಂಗುರದವನು ಬೀದಿ ಬೀದಿ ಸುತ್ತಿ ಸಾರಿದ: "ಗಾಳಿ ಕೆಟ್ಟಿದೆ, ಕೇಳ್ರಪ್ಪೋ! ಮೂಗು ಬಾಯಿ ಕಟ್ಟಿಕೊಳ್ಳಿ! ಜಗಲಿ ಇಳೀಬೇಡಿ! ವಯಸ್ಸಾದೋರು ಕೆಮ್ಮೋದಿದ್ರೂ ಒಬ್ಬೊಬ್ಬರೇ ಕೆಮ್ಮಿ!" ಗಾಳಿ ಮುಟ್ಟಿದವರು ಕೆಮ್ಮಿದರು. ಕೆಮ್ಮಿದವರಲ್ಲಿ ಕೆಲವರು ಎದ್ದರು, ಕೆಲವರು ಏಳಲಿಲ್ಲ. ಮುದುಕರ ಮೇಲೆ ಅದಕ್ಕೆ ವಿಶೇಷ ಪ್ರೀತಿ ಎಂದು ಬೇಗನೆ ಗೊತ್ತಾಯಿತು.

ತಾನೂ ಚೀಲ ಪಡೆದು ಸಮುದ್ರ ಎಂದೇ ಕೂಗಿದ್ದ ಹಾಡುಗಾರ ಮಾತ್ರ ಕಾಯಲಿಲ್ಲ. "ಗಾಳಿಗೆ ಹೆದರಿದರೆ ಹಾಡೋದು ಹೇಗೆ" ಎಂದು ನಗುತ್ತಾ, ಹಗುರವಾದ ಚೀಲ ಹೆಗಲಿಗೇರಿಸಿ ಹೊರಟ. ಹೂವಿನವಳು ಕೊಟ್ಟ ಒಂದು ಮೊಳ ಹೂವನ್ನು ಚೀಲಕ್ಕೆ ಹಾಕಿಕೊಂಡು, "ಮುಂದೆ ಹೋಗಿ ಕಾಯ್ತಿರ್ತೀನಿ, ಬನ್ನಿ" ಎಂದ. ಕೆಲವು ದಿನಗಳಾದ ಮೇಲೆ ಯಾರೋ ದಾರಿಹೋಕರು ಅವನ ಚೀಲವನ್ನು ತಂದು ಊರಬಾಗಿಲಿನ ಗೂಟಕ್ಕೆ ನೇತುಹಾಕಿ ಹೋದರು. ಅವನು ಬರಲಿಲ್ಲ. ಚೀಲವನ್ನು ಬಿಚ್ಚುವಂತಿರಲಿಲ್ಲ, ಏಕೆಂದರೆ ಅದು ತಲುಪಿರಲಿಲ್ಲ. ಗಾಳಿ ಬೀಸಿದಾಗಲೆಲ್ಲ ಅದು ಅತ್ತಿತ್ತ ಆಡುತ್ತಿತ್ತು. ಹೂವಿನವಳು ಅತ್ತಳು, ಗಂಟೆಯವನು ಅವಳಿಗೆ ಕಾಣದ ಹಾಗೆ ಹಿತ್ತಲಿಗೆ ಹೋಗಿ ಅತ್ತ.

ಅಂದಿನಿಂದ ಆ ಬೀದಿಯಲ್ಲಿ ಒಂದು ಸಂಪ್ರದಾಯ ಶುರುವಾಯಿತು. ಪ್ರತಿ ಅಮಾವಾಸ್ಯೆಯ ಸಂಜೆ ದುಡಿಮೆ ಮುಗಿಸಿದವರೆಲ್ಲ ತಮ್ಮ ತಮ್ಮ ಜಗಲಿಯ ಮೇಲೆ ಕೂರುವುದು, ಮೂಗು ಬಾಯಿ ಕಟ್ಟಿಕೊಂಡು. ಎಡಗಡೆ ಬಾಣಸಿಗ. ಜೀವನವಿಡೀ ಊರಿಗೆ ಬೇಯಿಸಿ ಹಾಕಿದವನು. ಅವನು ಕೂಗಿದ್ದ ಜಾಗ ತನ್ನ ಅಕ್ಕನ ಅಡುಗೆಮನೆ, ಬೇರೆ ಯಾರೋ ಮಾಡಿದ್ದನ್ನು ಕೂತು ಉಣ್ಣಬೇಕು ಎಂಬುದೊಂದೇ ಅವನ ಆಸೆ. ಬಲಗಡೆ ಮೇಷ್ಟ್ರಮ್ಮ. ಮಕ್ಕಳಿಗೆ ಹಿಮದ ಬೆಟ್ಟದ ಬಗ್ಗೆ ಪಾಠ ಹೇಳಿ ಹೇಳಿ, ಒಂದು ಸಲವಾದರೂ ಅದನ್ನು ಮುಟ್ಟಿ ನೋಡಿ ತಾನು ಹೇಳಿದ್ದು ಸರಿಯೋ ತಪ್ಪೋ ತಿಳಿಯಬೇಕೆಂದಿದ್ದಳು. ಎದುರಿಗೆ, ಹಾಡುಗಾರನ ಮನೆಯ ಪಕ್ಕದಲ್ಲಿ, ದರ್ಜಿ. ಅವನು ಕೂಗಿದ್ದು "ದೂರ" ಎಂದಷ್ಟೇ, ಸೂಜಿಯ ತುದಿಗಿಂತ ದೂರ ಇರುವುದನ್ನು ನೋಡಿ ಅವನಿಗೆ ಅಭ್ಯಾಸವೇ ಇರಲಿಲ್ಲ.

ದೀಪ ಹಚ್ಚಿದ ಮೇಲೆ ಬಾಣಸಿಗ ಕೇಳುತ್ತಿದ್ದ: "ಹೊರಡೋಣವಾ?"

ಮೇಷ್ಟ್ರಮ್ಮ ಗಾಳಿಯನ್ನು ನೋಡುತ್ತಿದ್ದಳು. ದರ್ಜಿ ದಾರ ಹಿಡಿದು ಅದು ಯಾವ ಕಡೆ ಅಲ್ಲಾಡುತ್ತದೆಂದು ನೋಡುತ್ತಿದ್ದ. ಆಮೇಲೆ ಎಲ್ಲರೂ ಗಂಟೆಯವನ ಮುಖ ನೋಡುತ್ತಿದ್ದರು. "ಊರಿಗೆಲ್ಲ ಹೊತ್ತು ಹೇಳಿದೋರು ನೀವು, ನೀವೇ ಹೇಳಿ ಗಂಟೆಯೋರೇ."

ಗಂಟೆಯವನು ಊರಬಾಗಿಲಿನ ಗೂಟದಲ್ಲಿ ಆಡುತ್ತಿದ್ದ ಚೀಲವನ್ನು ನೋಡುತ್ತಿದ್ದ. ಪಕ್ಕದಲ್ಲಿ ಕೂತ ಹೆಂಡತಿಯನ್ನು ನೋಡುತ್ತಿದ್ದ. ಗಂಟಲು ಸರಿಮಾಡಿಕೊಳ್ಳುತ್ತಿದ್ದ, ಅದನ್ನು ಕೆಮ್ಮೆಂದುಕೊಂಡು ಎಲ್ಲರೂ ಒಂದು ಗೇಣು ಹಿಂದೆ ಸರಿಯುತ್ತಿದ್ದರು. "ಇನ್ನೊಂದು ಅಮಾವಾಸ್ಯೆ ನೋಡೋಣ" ಎನ್ನುತ್ತಿದ್ದ.

ಎಲ್ಲರೂ ಉಸಿರು ಬಿಡುತ್ತಿದ್ದರು. ಎಲ್ಲರೂ ಒಳಗೆ ಹೋಗಿ ಆ ದಿನ ಬಳಸಿದ ಒಂದು ವಸ್ತುವನ್ನು ತಂದು ಚೀಲಕ್ಕೆ ಹಾಕುತ್ತಿದ್ದರು.

ಮೊದಮೊದಲು ಪಂಚೆ ಹೋಯಿತು, ಕಂಬಳಿ ಹೋಯಿತು, ಕಷಾಯದ ಪುಡಿಯ ಡಬ್ಬಿ ಹೋಯಿತು. ಪ್ರಯಾಣಕ್ಕೆ ಬೇಕಾದ್ದೇ ಬಿಡಿ ಎಂದುಕೊಂಡರು. ಬಾಣಸಿಗ ಒಂದು ಸಲ ಜಾಣತನ ಮಾಡಿ ಒಂದು ಸಾಸಿವೆ ಕಾಳು ಹಾಕಿದ. ಮೇಷ್ಟ್ರಮ್ಮ ಬಲಗಡೆಯ ಜಗಲಿಯಿಂದಲೇ ಕಂಡುಹಿಡಿದು, "ಒಂದೇ ಸಾಸಿವೇಲಿ ಒಗ್ಗರಣೆ ಹಾಕಿದ್ರಾ? ಡಬ್ಬೀನೇ ಹಾಕಿ!" ಎಂದು ಗದರಿದಳು. ಅವನು ಒಗ್ಗರಣೆ ಡಬ್ಬಿಯನ್ನೇ ಹಾಕಬೇಕಾಯಿತು. ಅಲ್ಲಿಂದ ಮುಂದೆ ಅವನ ಸಾರಿಗೆ ರುಚಿ ಇಲ್ಲದಾಯಿತು.

ಚೀಲ ತುಂಬಿದಾಗ ದರ್ಜಿ ಬಂದು, ದೂರದಿಂದಲೇ ಅಳತೆ ಹಿಡಿದು, ಒಂದು ಸೀರೆಯನ್ನೋ ಹೊದಿಕೆಯನ್ನೋ ಸೇರಿಸಿ ಹೊಲಿದು ದೊಡ್ಡದು ಮಾಡುತ್ತಿದ್ದ. ಗಂಟೆಯವನ ಚೀಲ ಮೊದಲು ಹೊಸ್ತಿಲ ಬಳಿ ಇತ್ತು. ಆಮೇಲೆ ಮೂಲೆಗೆ ಬಂತು. ಆಮೇಲೆ ಮೂಲೆಯೇ ಅದರ ಹಿಂದೆ ಸೇರಿಕೊಂಡಿತು. ಉಪ್ಪಿನಕಾಯಿ ಭರಣಿ ಹೋಯಿತು, ಒಲೆ ಹೋಯಿತು, ಒರಳುಕಲ್ಲು ಹೋಯಿತು. ಗಂಟೆ ಹೊಡೆಯುವ ಕೊಡತಿಯನ್ನು ಗಂಟೆಯವನು ದಿನಾ ಒಂದು ಸಲ ಕೈಯಲ್ಲಿ ಹಿಡಿದು ನೋಡುತ್ತಿದ್ದ, ಅದೂ ಬಳಕೆಯೇ ಎಂದು ಹೂವಿನವಳು ತೀರ್ಪು ಕೊಟ್ಟಳು, ಅದೂ ಹೋಯಿತು. ಮಂಚ ಹೋದ ಮೇಲೆ ನೆಲದ ಮೇಲೆ ಮಲಗಿದರು. ಚಾಪೆ ಹೋದ ಮೇಲೆ ಬರೀ ನೆಲದ ಮೇಲೆ ಮಲಗಿ, ಚೀಲಕ್ಕೆ ಬೆನ್ನು ಕೊಟ್ಟುಕೊಂಡರು. ಮೆತ್ತಗಿತ್ತು, ಅದೊಂದು ಪುಣ್ಯ.

ಹೀಗೇ ನಡೆಯುತ್ತಿರುವಾಗ ಡಂಗುರದವನು ಮತ್ತೆ ಬಂದ. "ಗಾಳಿ ತಿಳಿಯಾಗ್ತಾ ಇದೆ, ಕೇಳ್ರಪ್ಪೋ! ಮೂಗು ಬಾಯಿ ಕಟ್ಟಿಕೊಂಡು, ಜನಜಂಗುಳಿ ಬಿಟ್ಟು, ಮರದಡಿ ಮಲಗಿ ಹೋಗೋ ಹಾಗಿದ್ರೆ ಹೋಗ್ರಪ್ಪೋ! ಹೋಗದಿದ್ರೆ ಬಿಡ್ರಪ್ಪೋ!" ಹರೆಯದವರು ಹೋದರು, ಬಂದರು, ಮತ್ತೆ ಹೋದರು. ಬಿಸಿಲು ತಿಂದ ಮುಖ ಹೊತ್ತು ನಗುತ್ತಾ ಬಂದರು.

ಆ ಅಮಾವಾಸ್ಯೆ ಜಗಲಿಗಳ ಮೇಲೆ ದೊಡ್ಡ ಚರ್ಚೆಯಾಯಿತು. ತಿಳಿಯಾಗ್ತಾ ಇದೆ ಎಂದರೆ ಇನ್ನೂ ಆಗಿಲ್ಲ ಎಂದಾಯಿತಲ್ಲ ಎಂದಳು ಮೇಷ್ಟ್ರಮ್ಮ. ಪೂರ್ತಿ ತಿಳಿಯಾದರೆ ಡಂಗುರದವನು ಸಂತೋಷದಿಂದ ಹೇಳಬೇಕಿತ್ತು, ಅವನು ಸಪ್ಪಗೆ ಹೇಳಿದ ಎಂದ ಬಾಣಸಿಗ. ದರ್ಜಿಯ ದಾರ ಅಲ್ಲಾಡದೆ ನಿಂತಿತ್ತು. ಅಲ್ಲಾಡದಿರುವುದೇ ಅವನಿಗೆ ಅನುಮಾನ. ಮೊದಲು ಭಯಕ್ಕೊಂದು ಕಾರಣವಿತ್ತು, ಕಾಯ್ದದ್ದು ಒಳ್ಳೆಯದೇ ಆಯಿತು. ಆಮೇಲೆ ಕಾರಣ ಎದ್ದು ಹೋಯಿತು, ಭಯ ಮಾತ್ರ ಮನೆಯವರಲ್ಲಿ ಒಬ್ಬರಾಗಿ ಉಳಿದುಕೊಂಡಿತು. ಗಂಟೆಯವನು ಹೇಳಿದ: "ಇನ್ನೊಂದು ಅಮಾವಾಸ್ಯೆ ನೋಡೋಣ." ಆ ಸಂಜೆ ಚೀಲಕ್ಕೆ ಹಾಕಲು ಏನೂ ಸಿಗದೆ ಮುಂಬಾಗಿಲನ್ನೇ ಚೌಕಟ್ಟು ಸಮೇತ ಕಿತ್ತು ಹಾಕಿದರು. ದಿನಾ ಹಾಕಿ ತೆಗೆದು ಬಳಸುವ ವಸ್ತುವೇ ತಾನೆ.

ಬಾಗಿಲು ಹೋದ ಮೇಲೆ ಒಂದು ದಿನ ಗಂಟೆಯವನು ಗೋಡೆಯ ಗೂಡಿನಲ್ಲಿದ್ದ ದೇವರಿಗೆ ಕೈಮುಗಿಯಲು ಹೋದ. ದೇವರ ಕೊರಳಲ್ಲಿ ಮಾಲೆ ಇತ್ತು. ಕೈಮುಗಿದವನಿಗೆ ಏಕೋ ಚಟ್ನಿಯ ನೆನಪಾಯಿತು. ಮುಖಕ್ಕೆ ಕಟ್ಟಿದ್ದ ಬಟ್ಟೆ ಸರಿಸಿ ನೋಡಿದರೆ, ಮಲ್ಲಿಗೆ ಮೊಗ್ಗಿನ ನಡುನಡುವೆ ಸಿಪ್ಪೆ ಸುಲಿದ ಬೆಳ್ಳುಳ್ಳಿ ಎಸಳು. ಸಾಲಾಗಿ, ಅಚ್ಚುಕಟ್ಟಾಗಿ ಕಟ್ಟಿದ್ದು. ಬಾಣಸಿಗ ಕೊಟ್ಟಿದ್ದ ಬೆಳ್ಳುಳ್ಳಿ, ಮಲ್ಲಿಗೆಯ ಪಕ್ಕದಲ್ಲೇ ಎಲೆಯಲ್ಲಿತ್ತು.

ಅವನು ಬಿದ್ದು ಬಿದ್ದು ನಕ್ಕ. "ಲೇ, ದೇವರಿಗೆ ಒಗ್ಗರಣೆ ಹಾಕೋಕೆ ಹೊರಟಿದ್ದೀಯಾ?"

ಅವಳು ನಗಲಿಲ್ಲ. ಮಾಲೆಯನ್ನು ದೇವರ ಕೊರಳಿನಿಂದ ತೆಗೆದು ಕಣ್ಣಿನ ಹತ್ತಿರ ತಂದಳು. ಇನ್ನೂ ಹತ್ತಿರ ತಂದಳು. ಮೂಗಿಗೆ ತಾಗುವಷ್ಟು ಹತ್ತಿರ ತಂದು, ಕೆಳಗಿಟ್ಟಳು.

ಗಂಟೆಯವನ ನಗು ಅರ್ಧಕ್ಕೇ ನಿಂತಿತು. "ಯಾವಾಗಿಂದ?" ಎಂದ.

"ಗಾಳಿ ಬಂದಾಗಿಂದ. ದಿನಾ ಒಂಚೂರು ಮಂಜು ಇಳಿಯುತ್ತೆ. ವೈದ್ಯರು ಇದಕ್ಕೆ ಮದ್ದಿಲ್ಲ ಅಂದ್ರು. ನಿಮ್ಮ ಮುಖ ಇನ್ನೂ ಕಾಣುತ್ತೆ ಬಿಡಿ, ಕಾಣದಿದ್ರೂ ಅದೇನು ದೊಡ್ಡ ನಷ್ಟ ಆಗ್ತಿರಲಿಲ್ಲ." ಅವಳು ಬೆಳ್ಳುಳ್ಳಿಯನ್ನು ಒಂದೊಂದಾಗಿ ಬಿಡಿಸತೊಡಗಿದಳು. "ಸಮುದ್ರ ಅಂದ್ರೆ ನೀರು ತಾನೆ. ಕಾಣದಿದ್ರೆ ಕೈಯಲ್ಲಿ ಮುಟ್ಟಿ ನೋಡ್ತೀನಿ. ತಂಬಿಗೇಲಿ ತಂದುಕೊಟ್ರೂ ಆಯ್ತು."

ಆ ಮಾತು ಅವನ ಎದೆಗೆ ನಾಟಿತು. ಇಷ್ಟು ದಿನ ತಾನು ಮುಂದಕ್ಕೆ ಹಾಕುತ್ತಿದ್ದದ್ದು ದಿನವನ್ನು ಮಾತ್ರ ಎಂದುಕೊಂಡಿದ್ದ. ಅವಳ ಕಣ್ಣು ಅದಕ್ಕಾಗಿ ಕಾಯುವುದಿಲ್ಲ ಎಂದು ಯಾವ ಜಗಲಿಯಲ್ಲೂ ಯಾರೂ ಹೇಳಿರಲಿಲ್ಲ. ಈ ಅಮಾವಾಸ್ಯೆಗೆ ಹೊರಟೇ ಹೊರಡುವುದು ಎಂದು ನಿಶ್ಚಯಿಸಿದ. ಕನ್ನಡಿ ಚೀಲದಲ್ಲಿದ್ದುದರಿಂದ, ನೀರಿನ ಮುಂದೆ ನಿಂತು "ಹೊರಡೋಣ, ಹೊರಡೋಣ" ಎಂದು ಹೇಳಿ ಅಭ್ಯಾಸ ಮಾಡಿದ.

ಹೂವಿನವಳು ಅವನ ಅಭ್ಯಾಸವನ್ನು ಕೇಳಿಸಿಕೊಂಡಳು. ಗಂಡನ ಮೇಲೆ ಅವಳಿಗೆ ಪ್ರೀತಿ ಇತ್ತು, ನಂಬಿಕೆ ಅಷ್ಟಿರಲಿಲ್ಲ. ಹಾಗಾಗಿ ಮರುದಿನದಿಂದ ಬೀದಿಯಲ್ಲಿ ಕೈಗಡ ಕೇಳಲು ಹೊರಟಳು. ಬಾಣಸಿಗನ ಜಗಲಿಯ ಮುಂದೆ ನಿಂತು, "ಅಣ್ಣಾ, ನಮ್ಮನೇಲಿ ತಿರುವೋಕೂ ಏನೂ ಇಲ್ಲ, ನಿಮ್ಮ ಸೌಟು ಕೊಡಿ" ಎಂದಳು. ಆ ಸೌಟನ್ನು ಅವನು ಅಷ್ಟು ದಿನವೂ ಬಚ್ಚಿಟ್ಟು ಉಳಿಸಿಕೊಂಡಿದ್ದ. ಒಗ್ಗರಣೆ ಡಬ್ಬಿ ಹೋದಾಗಲೂ ಅದನ್ನು ಬಿಟ್ಟುಕೊಟ್ಟಿರಲಿಲ್ಲ. ಆದರೂ ಹೂವಿನವಳು ಕೇಳಿದರೆ ಇಲ್ಲ ಎನ್ನುವುದು ಹೇಗೆ? ಕೊಟ್ಟ. ದರ್ಜಿಯ ಹತ್ತಿರ ಕತ್ತರಿ ಕೇಳಿದಳು, ನೂಲು ತುಂಡು ಮಾಡಲು ಎಂದು. ಅವನೂ ಕೊಟ್ಟ. ಮೇಷ್ಟ್ರಮ್ಮನ ಹತ್ತಿರ ಹೋಗಿ, "ಅಕ್ಕಾ, ಸೂಜಿಗೆ ದಾರ ಪೋಣಿಸಬೇಕು, ನಿಮ್ಮ ಕನ್ನಡಕ ಒಂದು ಗಳಿಗೆ" ಎಂದಳು. ಮೇಷ್ಟ್ರಮ್ಮ ಕನ್ನಡಕ ಬಿಚ್ಚಿಕೊಟ್ಟು, ಕಂಬವನ್ನು ಹೂವಿನವಳೆಂದುಕೊಂಡು ಬಹಳ ಹೊತ್ತು ಮಾತಾಡಿದಳು.

ಅಮಾವಾಸ್ಯೆಯ ಸಂಜೆ ಬಂತು. ಜಗಲಿಗಳು ತುಂಬಿದವು, ದೀಪಗಳು ಹತ್ತಿದವು.

"ಹೊರಡೋಣವಾ?" ಎಂದ ಬಾಣಸಿಗ.

ಮೇಷ್ಟ್ರಮ್ಮ ಗಾಳಿಯನ್ನು ನೋಡಿದಳು, ಕನ್ನಡಕವಿಲ್ಲದೆಯೂ ಅದು ಎಂದಿನಷ್ಟೇ ಕಂಡಿತು. ದರ್ಜಿ ದಾರ ಹಿಡಿದ. ಎಲ್ಲರೂ ಗಂಟೆಯವನ ಕಡೆ ತಿರುಗಿದರು.

ಗಂಟೆಯವನು ಬಾಯಿ ತೆರೆದ. "ಹೊ" ಎಂಬಷ್ಟು ಬಂತು. ಅಷ್ಟರಲ್ಲಿ ಗೂಟದ ಮೇಲಿನ ಚೀಲ ಒಂದು ಸಲ ಆಡಿತು. ಹಾಡುಗಾರನ ನಗು ನೆನಪಾಯಿತು. ಈ ಚೀಲದ ಪಕ್ಕದಲ್ಲಿ ಇನ್ನೊಂದು ಚೀಲ, ಅದರೊಳಗೆ ಒಂದು ಹಿತ್ತಾಳೆ ತಂಬಿಗೆ, ಪಕ್ಕದಲ್ಲಿ ಹೂವಿನವಳಿಲ್ಲದ ಜಗಲಿ, ಎಲ್ಲವೂ ಕಣ್ಣಮುಂದೆ ಬಂದು ನಿಂತವು. "ಇನ್ನೊಂದು ಅಮಾವಾಸ್ಯೆ..." ಎಂದು ಹೇಳಿ ತಲೆ ತಗ್ಗಿಸಿದ.

ಎಲ್ಲರೂ ಉಸಿರು ಬಿಟ್ಟರು. ಹೂವಿನವಳು ಎದ್ದು ನಿಂತಳು.

"ಸರಿ. ಚೀಲಕ್ಕೆ ಏನು ಹಾಕೋಣ ಈ ಸಲ?"

"ಇವತ್ತು ಏನು ಬಳಸಿದ್ವಿ?" ಎಂದ ಗಂಟೆಯವನು, ಸಣ್ಣ ದನಿಯಲ್ಲಿ.

"ಸೌಟು, ಕತ್ತರಿ, ಕನ್ನಡಕ ಬಳಸಿದ್ವಿ. ಅವನ್ನ ಆಗಲೇ ಹಾಕಿಬಿಟ್ಟೆ." ಮೂರು ಜಗಲಿಗಳಿಂದ ಮೂರು ಕೂಗು ಎದ್ದವು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. "ಆದರೆ ಅವು ಪರರ ಸಾಮಾನು, ನಮ್ಮ ಲೆಕ್ಕಕ್ಕೆ ಬರಲ್ಲ. ನಮ್ಮನೇದು ಅಂತ ನೀವು ಬೆಳಗಿಂದ ಬಳಸಿರೋದು ಒಂದನ್ನೇ. ನೀರು ತಾ ಅಂದ್ರಿ, ಬೆನ್ನು ತಿಕ್ಕು ಅಂದ್ರಿ, ಅಂಗಿ ಗುಂಡಿ ಎಲ್ಲಿ ಬಿತ್ತು ನೋಡು ಅಂದ್ರಿ. ಕಣ್ಣಿಲ್ಲದೋಳನ್ನ ಗುಂಡಿ ಹುಡುಕು ಅಂದ್ರಿ. ಬಳಸಿದ್ದನ್ನ ಹಾಕಬೇಕು ಅಂತ ತಾನೆ ನಿಯಮ?"

ಹಾಗೆಂದವಳೇ ಬಾಗಿಲಿಲ್ಲದ ಬಾಗಿಲಿನಿಂದ ಒಳಗೆ ಹೋಗಿ, ಒಂದು ಕಾಲು ಎತ್ತಿ, ಇನ್ನೊಂದು ಕಾಲು ಎತ್ತಿ, ಚೀಲದೊಳಗೆ ಇಳಿದಳು. ಒಳಗಿನಿಂದ ಲಾಡಿ ಎಳೆದುಕೊಂಡಳು.

ಜಗಲಿಗಳ ಮೇಲಿದ್ದವರೆಲ್ಲ ಎದ್ದು ನಿಂತರು.

"ಹೊರಗೆ ಬಾರೇ!" ಎಂದು ಗಂಟೆಯವನು ಚೀಲದ ಸುತ್ತ ಓಡಿದ.

"ಬರೋ ಹಾಗಿಲ್ಲ ಕಣ್ರೀ" ಎಂದಿತು ಚೀಲ. "ಸಮುದ್ರ ತಲುಪೋ ತನಕ ತೆಗೆಯೋ ಹಾಗಿಲ್ಲ. ಬೇಕಾದ್ರೆ ಮೇಷ್ಟ್ರಮ್ಮನ್ನ ಕೇಳಿ."

ಮೇಷ್ಟ್ರಮ್ಮ ಬಹಳ ಹೊತ್ತು ಯೋಚಿಸಿ, ನಿಯಮ ಅಂದ್ರೆ ನಿಯಮವೇ ಎಂದಳು. ಅದು ಅವಳ ಚಟ.

ಗಂಟೆಯವನು ನೆಲದ ಮೇಲೆ ಕುಸಿದು ಕೂತ. ಒಳಗಿನಿಂದ ಮಂಚ ಕಿರುಗುಟ್ಟಿದ ಸದ್ದು ಬಂತು, ಭರಣಿಯ ಮುಚ್ಚಳ ತೆರೆದ ಸದ್ದು ಬಂತು, ಉಪ್ಪಿನಕಾಯಿ ಚಪ್ಪರಿಸಿದ ಸದ್ದೂ ಬಂತು. ಇಡೀ ಸಂಸಾರ ಒಳಗಿತ್ತು, ಅವನೊಬ್ಬ ಹೊರಗಿದ್ದ. ಇನ್ನು ಮುಂದಕ್ಕೆ ಹಾಕಿದರೆ ಚೀಲಕ್ಕೆ ಸೇರಿಸಲು ಅವನ ಹತ್ತಿರ ತಾನು ಬಿಟ್ಟರೆ ಏನೂ ಉಳಿದಿರಲಿಲ್ಲ. ತಾನೂ ಒಳಗೆ ಹೋದರೆ ಚೀಲ ಎಳೆಯುವವರಾರು?

ಬೆಳಗಾಗುವುದನ್ನೇ ಕಾದು ಅವನು ಚೀಲಕ್ಕೆ ಹೆಗಲು ಕೊಟ್ಟ. ಅದು ಅಲುಗಲಿಲ್ಲ. ಮೊದಲು ಬಂದವನು ಬಾಣಸಿಗ. "ನನ್ನ ಸೌಟು ಅದರೊಳಗಿದೆ" ಎಂದು ಗೊಣಗುತ್ತಾ ಅವನೂ ಹೆಗಲು ಕೊಟ್ಟ. ಕತ್ತರಿಗಾಗಿ ದರ್ಜಿ ಬಂದ. ಮೇಷ್ಟ್ರಮ್ಮ ಗೋಡೆ ಹಿಡಿದುಕೊಂಡು ಬಂದಳು.

"ನಿಮ್ಮ ಚೀಲ ಬಿಟ್ಟು ಹೊರಡ್ತೀರಾ?" ಎಂದು ದರ್ಜಿ ಅವಳನ್ನು ಕೆಣಕಿದ. "ನಿಯಮ?"

"ನಾನೆಲ್ಲಿ ಹೊರಟೆ?" ಎಂದಳು ಮೇಷ್ಟ್ರಮ್ಮ ಗತ್ತಿನಿಂದ. "ಪ್ರಯಾಣ ಹೊರಟಿರೋದು ನನ್ನ ಕನ್ನಡಕ. ನಾನು ಅದರ ಹಿಂದೆ ಹೋಗ್ತಿದ್ದೀನಿ ಅಷ್ಟೆ."

ಚೀಲ ಬಾಗಿಲಲ್ಲಿ ಹಿಡಿಸುವಂತಿರಲಿಲ್ಲ. ಆದರೆ ಬಾಗಿಲೇ ಚೀಲದಲ್ಲಿತ್ತು, ಹಾಗಾಗಿ ತೊಂದರೆಯಾಗಲಿಲ್ಲ. ಬೀದಿಯ ಮನೆಗಳಿಂದ ಒನಕೆಗಳನ್ನು ತಂದು ಕೆಳಗೆ ಸಾಲಾಗಿ ಇಟ್ಟು, ಅವುಗಳ ಮೇಲೆ ಚೀಲವನ್ನು ಉರುಳಿಸಿದರು. ಹಿಂದೆ ಉಳಿದ ಒನಕೆಯನ್ನು ಎತ್ತಿ ಮುಂದೆ ಇಡುವುದು, ಮತ್ತೆ ತಳ್ಳುವುದು. ಊರಬಾಗಿಲಿಗೆ ಬಂದಾಗ ಗಂಟೆಯವನು ನಿಂತ. ಗೂಟದಿಂದ ಹಾಡುಗಾರನ ಚೀಲವನ್ನು ಬಿಡಿಸಿ ತನ್ನ ಹೆಗಲಿಗೆ ಹಾಕಿಕೊಂಡ. ಯಾರೂ ಏಕೆ ಎಂದು ಕೇಳಲಿಲ್ಲ.

ಮೂಗು ಬಾಯಿ ಕಟ್ಟಿಕೊಂಡು ಹೋದರು. ಸಂತೆ ಕಂಡರೆ ಸುತ್ತಿ ಹೋದರು. ಛತ್ರ ಬಿಟ್ಟು ಮರದಡಿ ಮಲಗಿದರು. ಒಳಗಿನಿಂದ ಹೂವಿನವಳು, "ಎಡಕ್ಕೆ ವಾಲ್ತಾ ಇದೆ, ಒರಳುಕಲ್ಲು ಉರುಳ್ತು, ನಿಧಾನ" ಎಂದು ಅಪ್ಪಣೆ ಕೊಡುತ್ತಿದ್ದಳು. ಬಾಣಸಿಗ ದಾರಿಯಲ್ಲಿ ಯಾರೋ ರೈತರ ಮನೆಯಂಗಳದಲ್ಲಿ ದೂರ ಕೂತು ರೊಟ್ಟಿ ತಿಂದ. ತಾನು ಮಾಡದ ರೊಟ್ಟಿ. ತಿಂದು ಮುಗಿಸಿ, ಅಕ್ಕನ ಮನೆಗೆ ಹೋಗದಿದ್ದರೂ ಪರವಾಗಿಲ್ಲ ಎಂಬಂತೆ ಕಣ್ಣೊರೆಸಿಕೊಂಡ.

ಏರು ದಾರಿಯೊಂದರಲ್ಲಿ ಉಳಿದವರು ದಣಿದು ಹಿಂದೆ ಕೂತಾಗ, ಗಂಟೆಯವನು ಚೀಲಕ್ಕೆ ತಲೆ ಆನಿಸಿ, "ನಿನಗೆ ಏನಾದರೂ ಆದೀತು ಅಂತ ಹೆದರಿಕೆ ಕಣೇ. ಬೇರೇನೂ ಅಲ್ಲ. ಹಾಡುಗಾರನಿಗೆ ಆದ ಹಾಗೆ" ಎಂದ.

ಬಟ್ಟೆಯ ಆಚೆಯಿಂದ ಅವಳ ಅಂಗೈ ಅವನ ಕೆನ್ನೆಯನ್ನು ಹುಡುಕಿಕೊಂಡು ಬಂತು. "ಗೊತ್ತು. ಮೊದಲು ನನಗೂ ಇತ್ತು. ಆದರೆ ನನಗೆ ಏನಾದರೂ ಆಗ್ತಾನೇ ಇದೆ ಕಣ್ರೀ. ಮನೇಲಿ ಕೂತಾಗಲೂ ಆಗ್ತಾನೇ ಇತ್ತು." ಆ ಅಂಗೈ ತೆಗೆಯದೆಯೇ, "ಇನ್ನೊಂದು ವಿಷಯ. ಆ ಬೆಳ್ಳುಳ್ಳಿ ಇದೆಯಲ್ಲ, ಮುಟ್ಟಿದ ತಕ್ಷಣ ಬೆರಳಿಗೆ ಗೊತ್ತಾಗಿತ್ತು. ಬೇಕಂತಲೇ ಕಟ್ಟಿದೆ. ಬಾಯಿಬಿಟ್ಟು ಹೇಳಿದ್ರೆ ನೀವು ಅದನ್ನೂ ಜಗಲಿ ಮೇಲೆ ಚರ್ಚೆಗೆ ಇಡ್ತಿದ್ರಿ" ಎಂದಳು.

"ಹಾಗಾದ್ರೆ ಕಣ್ಣು ಚೆನ್ನಾಗಿದೆಯಾ?" ಎಂದು ಅವನು ಆಸೆಯಿಂದ ಕೇಳಿದ.

"ಮಂಜು ಮಾತ್ರ ನಿಜ" ಎಂದಳು. "ತಳ್ಳಿ."

ಅವನು ತಳ್ಳಿದ. ಅದಕ್ಕೂ ಮುಂಚೆ ಅಷ್ಟು ಜೋರಾಗಿ ಯಾವತ್ತೂ ತಳ್ಳಿರಲಿಲ್ಲ.

ಒಂದು ಬೆಳಿಗ್ಗೆ ಒನಕೆಗಳು ಮರಳಿನಲ್ಲಿ ಹೂತುಕೊಂಡವು. ಎದ್ದು ನಿಲ್ಲುವ ನೀರು, ಕೂರುವ ನೀರು, ಕರೆಯದೆ ಮತ್ತೆ ಮತ್ತೆ ಬರುವ ನೀರು ಅಲ್ಲಿತ್ತು. ಹಾಡುಗಾರ ಒಂದು ಸುಳ್ಳೂ ಹೇಳಿರಲಿಲ್ಲ. ಗಂಟೆಯವನು ಅವನ ಚೀಲವನ್ನು ನೀರಿನ ಅಂಚಿನಲ್ಲಿಟ್ಟು ಮೇಷ್ಟ್ರಮ್ಮನ ಕಡೆ ನೋಡಿದ. "ಚೀಲ ತಲುಪಿದೆ, ಬಿಚ್ಚಿ" ಎಂದಳು ಅವಳು. ಒಳಗೊಂದು ಮಡಿಸಿದ ಪಂಚೆ, ಒಂದು ಜೊತೆ ತಾಳ, ಒಣಗಿದ ಒಂದು ಮೊಳ ಹೂ ಇದ್ದವು. ಹೂವನ್ನು ಅವನು ಅಲೆಯ ಮೇಲೆ ಬಿಟ್ಟ. ಅದು ಹೋಯಿತು, ಬಂತು, ಆಮೇಲೆ ಹೋಯಿತು.

ಆಮೇಲೆ ದೊಡ್ಡ ಚೀಲದ ಲಾಡಿ ಬಿಚ್ಚಿದ. ಮೊದಲು ಸೌಟು, ಕತ್ತರಿ, ಕನ್ನಡಕ ಹಿಡಿದ ಕೈ ಬಂತು, ಆಮೇಲೆ ಹೂವಿನವಳು ಬಂದಳು. ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು, ಅವನ ತೋಳು ಹಿಡಿದು, ನೀರು ಕಾಲಿಗೆ ತಾಗುವಲ್ಲಿ ಹೋಗಿ ನಿಂತಳು. ಬಹಳ ಹೊತ್ತು ನಿಂತಳು. ಅವನು ಅವಳ ಮುಖವನ್ನೇ ನೋಡುತ್ತಿದ್ದ, ಸಮುದ್ರ ನೋಡಲು ಅವನಿಗೆ ಧೈರ್ಯವಾಗಲಿಲ್ಲ.

"ಬಿಳೀ ನೊರೆ ಕಾಣ್ತಿದೆ" ಎಂದಳು. "ಅದರಾಚೆ ಹಸಿರು. ಅದರಾಚೆ ನೀಲಿ." ಕುತ್ತಿಗೆ ಮುಂದೆ ಚಾಚಿದಳು. ದನಿ ಸಣ್ಣದಾಯಿತು. "ಆಚೆ ದಡ ಮಾತ್ರ ಕಾಣ್ತಿಲ್ಲ ಕಣ್ರೀ. ಎಷ್ಟು ನೋಡಿದ್ರೂ ಕಾಣ್ತಿಲ್ಲ. ತಡ ಆಗಿಹೋಯ್ತು ಅನ್ಸುತ್ತೆ."

ಗಂಟೆಯವನು ಮುಂದಕ್ಕೆ ಹಾಕಿದ ಅಮಾವಾಸ್ಯೆಗಳೆಲ್ಲ ಒಟ್ಟಿಗೆ ಬಂದು ಅವನ ಮುಂದೆ ನಿಂತವು. ಆ ದಡವನ್ನು ಅವಳಿಗೆ ಬಾಯಲ್ಲಾದರೂ ಹೇಳೋಣವೆಂದು, ಅಂಗೈಯನ್ನು ಹುಬ್ಬಿಗೆ ಅಡ್ಡ ಹಿಡಿದು, ಮೊದಲ ಸಲ ಸಮುದ್ರವನ್ನು ನೋಡಿದ. ಕಣ್ಣುಜ್ಜಿಕೊಂಡು ಮತ್ತೆ ನೋಡಿದ.

"ನನಗೂ ಕಾಣ್ತಿಲ್ಲ ಕಣೇ."

"ಸುಳ್ಳು ಹೇಳಬೇಡಿ."

ಅವನು ಬಾಣಸಿಗನನ್ನು ಕರೆದ. ಬಾಣಸಿಗ ಸೌಟನ್ನು ನೆರಳಿಗೆ ಹಿಡಿದು ನೋಡಿ ತಲೆಯಾಡಿಸಿದ. ದರ್ಜಿ ನೋಡಿದ. ಜೀವನದಲ್ಲಿ ಮೊದಲ ಸಲ ಅಷ್ಟು ದೂರ ನೋಡಿದವನು ಬಾಯಿ ತೆರೆದು ಹಾಗೇ ನಿಂತುಬಿಟ್ಟ. ಮೇಷ್ಟ್ರಮ್ಮ ಕನ್ನಡಕವನ್ನು ಸೆರಗಿನಿಂದ ಒರೆಸಿ, ಹಾಕಿಕೊಂಡು, ಈ ತುದಿಯಿಂದ ಆ ತುದಿಯವರೆಗೆ ನೋಡಿ, "ಇಲ್ಲ ಹೂವಮ್ಮ. ಯಾರಿಗೂ ಕಾಣಲ್ಲ" ಎಂದಳು.

ಹೂವಿನವಳು ಒಬ್ಬೊಬ್ಬರ ಕಡೆಗೂ ಮುಖ ತಿರುಗಿಸಿದಳು. ತುಟಿ ಮೊದಲು ಅಲುಗಿತು, ಆಮೇಲೆ ಭುಜ ಅಲುಗಿತು, ಆಮೇಲೆ ಅವಳು ಜೋರಾಗಿ ನಕ್ಕಳು. "ಅಯ್ಯೋ ದೇವರೇ! ಅಂದ್ರೆ ನನ್ನ ಕಣ್ಣಿಗೂ ನಿಮ್ಮ ಕಣ್ಣಿಗೂ ಇಲ್ಲಿ ಏನೂ ವ್ಯತ್ಯಾಸವಿಲ್ಲ! ಜಗಲಿ ಮೇಲೆ ಕೂತು, ಈ ದಡ ಕಂಡ ಮೇಲೇ ಹೊರಡೋಣ ಅಂತ ಕಾಯ್ತಿದ್ರಾ ನೀವು?"

ಅವಳು ಚೀಲದೊಳಗೆ ಕೈಹಾಕಿ ತಳದಿಂದ ಹಿತ್ತಾಳೆ ತಂಬಿಗೆಯನ್ನು ಹುಡುಕಿ ತೆಗೆದು, ಬಗ್ಗಿ, ತುಂಬ ನೀರು ತುಂಬಿಕೊಂಡಳು. ಮನೆಗೆ ಒಯ್ಯಲು ಎಂದುಕೊಂಡು ಅವನು ಕೈಚಾಚಿದ. ಅವಳು ಅದನ್ನು ಎತ್ತಿ ಅವನ ನೆತ್ತಿಯ ಮೇಲೆ ಬಗ್ಗಿಸಿದಳು.

"ಸಮುದ್ರಾನ ಹೀಗೇ ಹೊತ್ಕೊಂಡು ನಡೀರಿ" ಎಂದಳು. "ಮುಂದಿನ ದಾರಿಗೆ ಇಷ್ಟೇ ಭಾರ. ಚೀಲದಲ್ಲಿ ಉಳಿದದ್ದೆಲ್ಲ ಇಲ್ಲೇ ಇರಲಿ."